ಪಿಂಗಾಣಿ ದಿಂಬಿನ ಮೇಲೆ ನಿಜವಾಗಿಯೂ ಮಲಗುತ್ತಿದ್ದರಾ? ಅದರ ಮೇಲಿನ ಕರಡಿಯನ್ನು ಬರೆದವರು ಯಾರು?

ಪ್ರಶ್ನೆ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಚೀನಾದ ಒಂದು ಪಿಂಗಾಣಿ ದಿಂಬು ನೋಡಿದೆ. ಬಿಳಿ ಮೈ, ಮೇಲೆ ಕಪ್ಪು ಬಣ್ಣದಲ್ಲಿ ಕಂಬಕ್ಕೆ ಕಟ್ಟಿದ ಒಂದು ಕರಡಿ. ತಳದಲ್ಲಿ "ಜಾಂಗ್ ಮನೆಯಲ್ಲಿ ಮಾಡಿದ್ದು" ಅಂತ ಮುದ್ರೆ ಇದೆಯಂತೆ. ಇಷ್ಟು ಗಟ್ಟಿ ವಸ್ತುವಿನ ಮೇಲೆ ಯಾರಾದರೂ ಮಲಗಲು ಆಗುತ್ತದಾ, ಅಥವಾ ಇದು ಹೆಣದ ತಲೆಯಡಿ ಇಡುವುದಕ್ಕೆ ಮಾಡಿದ್ದಾ? ಆ ಜಾಂಗ್ ಅನ್ನುವವರೇ ಚಿತ್ರ ಬರೆದವರಾ? ಇಂಥದೇ ಒಂದು ದಿಂಬು ಆನ್‌ಲೈನಿನಲ್ಲಿ ಮಾರಾಟಕ್ಕಿದೆ, ಕೊಳ್ಳಬಹುದಾ?

ಉತ್ತರ:

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೌದು, ಅದರ ಮೇಲೆ ಜನ ಮಲಗುತ್ತಿದ್ದರು. ಬದುಕಿದ್ದ ಜನ, ಅವರವರ ಮನೆಗಳಲ್ಲಿ, ದಿನಾ. ಸತ್ತಾಗ ಕೆಲವರ ಜೊತೆ ಅವರ ದಿಂಬೂ ಸಮಾಧಿಗೆ ಹೋಯಿತು, ಅದು ಬೇರೆ ಮಾತು. ಜಾಂಗ್ ಅನ್ನುವುದು ಮನೆತನದ ಹೆಸರು, ಅಂದರೆ ಕಾರ್ಖಾನೆಯ ಹೆಸರು. ಕರಡಿ ಬರೆದ ಕೈ ಯಾರದು ಅಂತ ಆ ಮುದ್ರೆ ಹೇಳುವುದಿಲ್ಲ. ಆದರೆ ಆ ಕೈಯ ಬಗ್ಗೆ ಏನೂ ಗೊತ್ತಾಗುವುದಿಲ್ಲ ಅಂತಲ್ಲ. ಗೆರೆಗಳನ್ನು ನಿಧಾನವಾಗಿ ನೋಡಿದರೆ ಬಹಳ ಗೊತ್ತಾಗುತ್ತದೆ. ಅದನ್ನೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಈ ದಿಂಬುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಕೊಳ್ಳುವ ವಿಚಾರ ಕೊನೆಗೆ.

ಮಲಗುವ ಮಾತಿಗೆ ಬರೋಣ. ನಮಗೆ ದಿಂಬು ಅಂದರೆ ತಲೆ ಹುದುಗಿಹೋಗುವ ಹತ್ತಿ ಚೀಲ. ಅದಕ್ಕೇ ಇದು ವಿಚಿತ್ರವಾಗಿ ಕಾಣುತ್ತದೆ. ಪಿಂಗಾಣಿ ದಿಂಬಿನಲ್ಲಿ ಭಾರ ಬೀಳುವುದು ತಲೆಬುರುಡೆಯ ಮೇಲೆ ಮಾತ್ರ ಅಲ್ಲ, ಕತ್ತು ಮತ್ತು ತಲೆ ಸೇರುವ ಜಾಗಕ್ಕೂ ಅದು ಆಸರೆ ಕೊಡುತ್ತದೆ. ನೀವು ನೋಡಿದ ದಿಂಬಿನ ಮೇಲ್ಭಾಗ ನಡುವೆ ಸ್ವಲ್ಪ ತಗ್ಗಾಗಿರುವುದನ್ನು ಗಮನಿಸಿರಬಹುದು, ಮುಂದಿನ ಅಂಚು ಹಿಂದಿನದಕ್ಕಿಂತ ತಗ್ಗು. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ ಅದು. ಕತ್ತು ಕೂರಲಿ ಅಂತ ಕುಂಬಾರ ಲೆಕ್ಕ ಹಾಕಿ ಕೊಟ್ಟ ಇಳಿಜಾರು. ಎತ್ತರ ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್. ಮಗ್ಗುಲಾಗಿ ಮಲಗಿದರೆ ಭುಜದ ಅಗಲಕ್ಕೆ ಅದು ಸರಿಹೋಗುತ್ತದೆ. ಚಿಕ್ಕಂದಿನಿಂದ ರೂಢಿಯಾದವರಿಗೆ ಅದೇ ಹಿತ, ನಮ್ಮ ಮೆತ್ತನೆ ದಿಂಬು ಕೊಟ್ಟಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವೇನೋ.

ಮುಖ್ಯ ಕಾರಣ ಸೆಕೆ. ಉತ್ತರ ಚೀನಾದ ಬಯಲುಸೀಮೆಯಲ್ಲಿ ಚಳಿಗಾಲ ಎಷ್ಟು ಕಠಿಣವೋ ಬೇಸಿಗೆಯೂ ಅಷ್ಟೇ ಸುಡುತ್ತದೆ. ಮೇ ತಿಂಗಳ ಮಧ್ಯಾಹ್ನ ಚಾಪೆ ಸರಿಸಿ ಸಿಮೆಂಟ್ ನೆಲಕ್ಕೆ ಕೆನ್ನೆ ಒತ್ತಿ ಮಲಗಿದವರಿಗೆ ಈ ದಿಂಬಿನ ಸುಖ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಾಕಿದ ಮೈ ಬೆವರು ಹೀರುವುದಿಲ್ಲ, ಒರೆಸಿದರೆ ಸ್ವಚ್ಛ, ಒಳಗೆ ಟೊಳ್ಳು. ಸಾಂಗ್ ಕಾಲದ ಕವಿ ಜಾಂಗ್ ಲೇಯ್ (1054–1114) ತನಗೆ ಗೆಳೆಯನೊಬ್ಬ ಇಂಥ ಹಸಿರು ದಿಂಬು ಕೊಟ್ಟದ್ದಕ್ಕೆ ಪದ್ಯದಲ್ಲಿ ವಂದನೆ ಬರೆದಿದ್ದಾನೆ. ಗೊಂಗ್ ಊರಿನವರು ಮಾಡಿದ ಗಟ್ಟಿ ದಿಂಬಂತೆ ಅದು. ಕೋಣೆಗೆ ತಂದರೆ ತಂಗಾಳಿ ಬಂದ ಹಾಗಾಯಿತು, ತಲೆ ಕೂದಲೆಲ್ಲ ತಣ್ಣಗಾಗಿ ಬೆಚ್ಚಿಬಿದ್ದೆ ಅನ್ನುತ್ತಾನೆ. ಸ್ವತಃ ಬಳಸಿದವನ ಸಾಕ್ಷಿ ಇದು, ಇದಕ್ಕಿಂತ ಬೇರೆ ಬೇಕಾ? (ಈ ಕವಿಗೂ ನಿಮ್ಮ ದಿಂಬಿನ ಜಾಂಗ್ ಮನೆಗೂ ಸಂಬಂಧ ಕಟ್ಟಬೇಡಿ. ಚೀನಾದಲ್ಲಿ ಜಾಂಗ್ ಬಹಳ ಸಾಮಾನ್ಯ ಮನೆತನದ ಹೆಸರು.) ಹೆಂಗಸರಿಗೆ ಇನ್ನೊಂದು ಅನುಕೂಲವೂ ಇತ್ತು ಅಂತ ಹೇಳುತ್ತಾರೆ. ಎತ್ತರಕ್ಕೆ ಕಟ್ಟಿದ ತುರುಬು ಮಲಗಿದಾಗ ಕೆಡುತ್ತಿರಲಿಲ್ಲ, ಯಾಕೆಂದರೆ ಕೂದಲು ದಿಂಬಿಗೆ ತಾಕದೆ ಆಚೆಗೆ ಉಳಿಯುತ್ತಿತ್ತು.

ಹೆಣದ ತಲೆಯಡಿಗಾ ಅಂತ ನೀವು ಕೇಳಿದ್ದು ಸರಿಯಾದ ಅನುಮಾನವೇ. ಯಾಕೆಂದರೆ ಹಳೆಯ ದಿಂಬುಗಳು ಸಿಕ್ಕಿರುವುದು ಹೆಚ್ಚಾಗಿ ಸಮಾಧಿಗಳಲ್ಲಿ. ಗೊತ್ತಿರುವ ಅತಿ ಹಳೆಯ ಪಿಂಗಾಣಿ ದಿಂಬು ಆನ್ಯಾಂಗ್ ಊರಿನ ಒಂದು ಸಮಾಧಿಯದು, 595ನೇ ಇಸವಿ, ಸುಯ್ ರಾಜವಂಶದ ಕಾಲ. ಅದು ಪುಟ್ಟದು, ಸಮಾಧಿಗೇ ಮಾಡಿದ ಮಾದರಿ. ಆಮೇಲೆ ತಾಂಗ್ ಕಾಲದ (618–907) ದಿಂಬುಗಳೂ ಚಿಕ್ಕವೇ. ಕೆಲವು ಅಂಗೈಗಿಂತ ಸ್ವಲ್ಪ ದೊಡ್ಡದಷ್ಟೇ. ಅವು ತಲೆಗೋ, ಅಥವಾ ನಾಡಿ ನೋಡುವ ವೈದ್ಯರು ರೋಗಿಯ ಮಣಿಕಟ್ಟಿನಡಿ ಇಡುತ್ತಿದ್ದದ್ದೋ ಅಂತ ಇವತ್ತಿಗೂ ವಾದ ಇದೆ. ಆದರೆ ಸಾಂಗ್ ಕಾಲಕ್ಕೆ (960–1279) ಬಂದಾಗ ದಿಂಬು ತಲೆ ಇಡುವಷ್ಟು ದೊಡ್ಡದಾಯಿತು. ಆಗ ಅದು ಮನೆಬಳಕೆಯ ಸಾಮಾನಾಗಿತ್ತು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ.

ಆ ಪುರಾವೆಯ ಹೆಸರು ಜೂಲು. ಹೆಬೆಯ್ ಪ್ರಾಂತ್ಯದ ಒಂದು ಪಟ್ಟಣ. 1108ರಲ್ಲಿ ಪ್ರವಾಹ ಬಂದು ಇಡೀ ಪಟ್ಟಣ ಕೆಸರಿನಡಿ ಹೂತುಹೋಯಿತು. ಸುಮಾರು ಎಂಟುನೂರು ವರ್ಷ ಹಾಗೇ ಇತ್ತು. 1918ರ ಆಸುಪಾಸಿನಲ್ಲಿ ಬರಗಾಲ ಬಂದು ಜನ ಬಾವಿ ತೋಡಲು ಹೋದಾಗ ಹಳೇ ಮನೆಗಳು, ಮೇಜು ಕುರ್ಚಿ, ಬಟ್ಟಲು, ಹೂಜಿ, ಜೊತೆಗೆ ಈ ದಿಂಬುಗಳೂ ಮೇಲೆ ಬಂದವು. ಸಮಾಧಿಯಲ್ಲ, ಊರು. ಮನೆಗಳಲ್ಲಿ ಬಿಟ್ಟುಹೋದ ಸಾಮಾನು. ಕೆಲವು ಪಾತ್ರೆಗಳ ತಳದಲ್ಲಿ ಒಡೆಯರು ಮಸಿಯಲ್ಲಿ ಬರೆದ ಹೆಸರು, ಗುರುತು ಹಾಗೇ ಉಳಿದಿದ್ದವು, ನಮ್ಮಲ್ಲಿ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸುತ್ತೇವಲ್ಲ, ಅದೇ ಉದ್ದೇಶಕ್ಕೆ. ಇತಿಹಾಸದವರಿಗೆ ಇದು ದೊಡ್ಡ ಉಪಕಾರ. ಜೂಲುವಿನ ಕೆಸರಿನಲ್ಲಿ ಸಿಕ್ಕಿದ್ದು ಅಂದರೆ 1108ಕ್ಕೆ ಮುಂಚಿನದು, ಅಷ್ಟೇ ಸ್ಪಷ್ಟ. ಪಾಪ, ಆ ಊರಿನ ಜನರ ಗತಿ ನೆನೆದರೆ ಹೊಟ್ಟೆ ಕಲಕುತ್ತದೆ.

ಈಗ ಮಾಡಿದವರ ವಿಷಯ. ನಿಮ್ಮ ಕರಡಿ ದಿಂಬು ಸಿಝೌ ಶೈಲಿಯದು. ಹೆಬೆಯ್ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ, ಈಗಿನ ಹಾಂಡಾನ್ ನಗರದ ಸುತ್ತಮುತ್ತ, ಎರಡು ನದಿಗಳ ಪಕ್ಕ ಈ ಶೈಲಿಯ ಆವಿಗೆಗಳು, ಅಂದರೆ ಮಣ್ಣಿನ ಸಾಮಾನು ಸುಡುವ ಗೂಡುಗಳು, ಇದ್ದವು. ಜಾಂಗ್ ನದಿಯ (ಈ ಹೆಸರಿಗೂ ಜಾಂಗ್ ಮನೆತನಕ್ಕೂ ಸಂಬಂಧವಿಲ್ಲ) ದಂಡೆಯಲ್ಲಿ ಗ್ವಾನ್‌ತಾಯ್, ಫೂಯಾಂಗ್ ನದಿಯ ಕಡೆ ಪೆಂಗ್‌ಚೆಂಗ್. "ದಕ್ಷಿಣಕ್ಕೆ ಜಿಂಗ್‌ಡೆಝೆನ್, ಉತ್ತರಕ್ಕೆ ಪೆಂಗ್‌ಚೆಂಗ್" ಅಂತ ಅಲ್ಲಿ ಒಂದು ಮಾತೇ ಇದೆ (ಜಿಂಗ್‌ಡೆಝೆನ್ ಅಂದರೆ ಚೀನಾದ ಬಹಳ ಹೆಸರಾದ ಪಿಂಗಾಣಿ ಊರು). ಗ್ವಾನ್‌ತಾಯ್‌ನಲ್ಲಿ 1987ರಲ್ಲಿ ಪೆಕಿಂಗ್ ವಿಶ್ವವಿದ್ಯಾಲಯದವರು ದೊಡ್ಡ ಉತ್ಖನನ ಮಾಡಿದ ಮೇಲೆ ಅಲ್ಲಿನ ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ಬಹಳ ಸ್ಪಷ್ಟವಾಯಿತು.

ಈ ಜಾಗವನ್ನೇ ಯಾಕೆ ಆರಿಸಿದರು? ಮಣ್ಣು, ಕಲ್ಲಿದ್ದಲು, ನೀರು ಮೂರೂ ಅಲ್ಲೇ ಇವೆ. ಸಾಂಗ್ ಕಾಲಕ್ಕಾಗಲೇ ಉತ್ತರದ ಆವಿಗೆಗಳು ಸೌದೆ ಬಿಟ್ಟು ಕಲ್ಲಿದ್ದಲು ಉರಿಸುತ್ತಿದ್ದವು. ಆದರೆ ಆ ಮಣ್ಣಿಗೆ ಒಂದು ದೊಡ್ಡ ಕೊರತೆ ಇತ್ತು. ಸುಟ್ಟರೆ ಬೂದು ಬಣ್ಣ ಬರುತ್ತದೆ, ಒರಟು, ಅಲ್ಲಲ್ಲಿ ಕಪ್ಪು ಚುಕ್ಕೆ. ಆ ಕಾಲದಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಬಿಳಿ. ಅದೇ ಪ್ರಾಂತ್ಯದ ಡಿಂಗ್ ಆವಿಗೆಗಳ ತೆಳ್ಳಗಿನ ಬಿಳಿ ಪಾತ್ರೆ ಅರಮನೆಗೆ ಹೋಗುತ್ತಿತ್ತು. ಸಿಝೌ ಕುಂಬಾರರಿಗೆ ಅಂಥ ಮಣ್ಣಿಲ್ಲ. ಅವರು ಕಂಡುಕೊಂಡ ದಾರಿ ಏನೆಂದರೆ, ಸಿಗುವ ಸ್ವಲ್ಪ ಬಿಳಿ ಜೇಡಿಯನ್ನು ನೀರಿನಲ್ಲಿ ಕಲಸಿ, ಬೂದು ಮೈಯ ಮೇಲೆ ತೆಳ್ಳಗೆ ಒಂದು ಪದರ ಬಳಿಯುವುದು. ಆ ಬಿಳಿ ಪದರವೇ ಅವರಿಗೆ ಕಾಗದವಾಯಿತು. ಅದರ ಮೇಲೆ ಕುಂಚ ಇಟ್ಟರು. ಬಡ ಮಣ್ಣು ಕೊಟ್ಟ ತೊಂದರೆಯಿಂದಲೇ ಚೀನಾದ ಪಿಂಗಾಣಿಯ ಮೇಲೆ ಕುಂಚದ ಚಿತ್ರ ಇಷ್ಟು ದೊಡ್ಡದಾಗಿ ಬೆಳೆಯಿತು ಅನ್ನುವುದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಮಣ್ಣು ಚೆನ್ನಾಗಿದ್ದ ಡಿಂಗ್ ಆವಿಗೆಗಳಲ್ಲಿ ಕೊರೆದರು, ಅಚ್ಚೊತ್ತಿದರು. ಕುಂಚದಲ್ಲಿ ಚಿತ್ರ ಬರೆಯುವುದನ್ನು ಅವರು ಇಷ್ಟಾಗಿ ಬೆಳೆಸಲಿಲ್ಲ.

ಒಂದು ದಿಂಬು ತಯಾರಾಗುವುದನ್ನು ನೋಡಿ. ಮಣ್ಣನ್ನು ಹಲಗೆಯಂತೆ ತಟ್ಟಿ, ಆಕಾರಕ್ಕೆ ಕತ್ತರಿಸಿ, ಹಸಿ ಇರುವಾಗಲೇ ಅಂಚುಗಳಿಗೆ ಮಣ್ಣಿನ ರಾಡಿ ಹಚ್ಚಿ ಜೋಡಿಸುತ್ತಾರೆ. ತಿಗುರಿಯ ಕೆಲಸ ಅಲ್ಲ ಇದು, ಡಬ್ಬಿ ಕಟ್ಟುವ ಕೆಲಸ. ಎಲ್ಲ ಕಡೆ ಮುಚ್ಚಿದ ಟೊಳ್ಳು ಡಬ್ಬಿಯನ್ನು ಹಾಗೇ ಸುಟ್ಟರೆ ಒಳಗಿನ ಗಾಳಿ, ಆವಿ ಹಿಗ್ಗಿ ಒಡೆದುಹೋಗುತ್ತದೆ. ಅದಕ್ಕೆ ಹಿಂಬದಿಯಲ್ಲೋ ತಳದಲ್ಲೋ ಒಂದು ಸಣ್ಣ ತೂತು ಬಿಡುತ್ತಾರೆ. ಮ್ಯೂಸಿಯಂನಲ್ಲಿ ದಿಂಬಿನ ಹಿಂಬದಿ ಕಾಣುವಂತೆ ಇಟ್ಟಿದ್ದರೆ ಆ ತೂತನ್ನು ಹುಡುಕಿ, ಸಾಮಾನ್ಯವಾಗಿ ಸಿಗುತ್ತದೆ. ಡಬ್ಬಿ ಅರ್ಧ ಒಣಗಿದ ಮೇಲೆ ಬಿಳಿ ಲೇಪ. ಲೇಪ ಒಣಗಿದ ಮೇಲೆ ಚಿತ್ರ. ಬಣ್ಣ ಅಂದರೆ ಅಲ್ಲೇ ಗುಡ್ಡಗಳಲ್ಲಿ ಸಿಗುವ, ಕಬ್ಬಿಣದ ಅಂಶ ಹೆಚ್ಚಿರುವ ಒಂದು ಕಲ್ಲು. ಅದನ್ನು ನುಣ್ಣಗೆ ಅರೆದು ನೀರಲ್ಲಿ ಕಲಸುತ್ತಾರೆ. ಚಿತ್ರದ ಮೇಲೆ ಪಾರದರ್ಶಕ ಗ್ಲೇಜ್, ಆಮೇಲೆ ಆವಿಗೆ. 1200 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಬಿಸಿ. ಕುಂಚದಲ್ಲಿ ಬಣ್ಣ ದಪ್ಪಗಿದ್ದ ಕಡೆ ಕಪ್ಪು ಬರುತ್ತದೆ, ತೆಳ್ಳಗಾದ ಕಡೆ ಕಂದು. ಹಾಗಾಗಿ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಕುಂಚದ ಬಣ್ಣ ಮುಗಿಯುತ್ತಾ ಬಂತು ಅನ್ನುವುದು ಒಂಬೈನೂರು ವರ್ಷದ ಮೇಲೂ ಬಣ್ಣದಲ್ಲೇ ಗೊತ್ತಾಗುತ್ತದೆ.

ಅಂದ ಹಾಗೆ, ಕಟ್ಟುನಿಟ್ಟಾಗಿ ಹೇಳುವುದಾದರೆ ಸಿಝೌ ದಿಂಬು ಪೋರ್ಸಲೇನ್ ಅಲ್ಲ, ಸ್ಟೋನ್‌ವೇರ್. ಬೆಳಕಿಗೆ ಹಿಡಿದರೆ ಆಚೆ ಕಾಣುವುದಿಲ್ಲ, ಗೋಡೆ ದಪ್ಪ. ನಾವು ಮಾತಿನಲ್ಲಿ ಎಲ್ಲವನ್ನೂ ಪಿಂಗಾಣಿ ಅನ್ನುತ್ತೇವೆ, ಪರವಾಗಿಲ್ಲ, ನಾನೂ ಇಲ್ಲಿ ಹಾಗೇ ಬರೆಯುತ್ತಿದ್ದೇನೆ.

ಈಗ ಆ ಬರೆದ ಕೈ. ಒಣಗಿದ ಬಿಳಿ ಲೇಪ ನೀರನ್ನು ಗಕ್ಕನೆ ಹೀರಿಕೊಳ್ಳುತ್ತದೆ. ಕುಂಚ ಇಟ್ಟು ಯೋಚಿಸುತ್ತಾ ನಿಂತರೆ ಅಲ್ಲೇ ಕಲೆ ಹರಡುತ್ತದೆ. ಅಳಿಸಲು ಹೋದರೆ ಲೇಪವೇ ಕಿತ್ತುಬರುತ್ತದೆ. ಅಂದರೆ ತಿದ್ದುವುದು ಅನ್ನುವ ಮಾತೇ ಇಲ್ಲ. ಏನು ಬರೆಯಬೇಕು ಅನ್ನುವುದು ಕೈಗೆ ಮೊದಲೇ ಗೊತ್ತಿರಬೇಕು. ಹೆಬೆಯ್ ಪ್ರಾಂತ್ಯದ ಮ್ಯೂಸಿಯಂನಲ್ಲಿ ಒಂದು ದಿಂಬಿದೆ, ಹುಡುಗನೊಬ್ಬ ದಂಡೆಯಲ್ಲಿ ಗಾಳ ಹಾಕಿದ್ದಾನೆ. ನೀರನ್ನು ತೋರಿಸಲು ನಾಲ್ಕಾರು ಗೆರೆ, ಅಷ್ಟೇ. ದಂಡೆಗೆ ಒಂದೆರಡು ಕುಂಚದ ಎಳೆತ, ಪಕ್ಕದಲ್ಲಿ ಸ್ವಲ್ಪ ಹುಲ್ಲು. ಉಳಿದ ಜಾಗ ಪೂರ್ತಿ ಖಾಲಿ, ಆದರೂ ನೀವು ಅಲ್ಲಿ ನದಿ ನೋಡುತ್ತೀರಿ. ಹುಡುಗನ ಮೈ ಪೂರಾ ಗಾಳದ ಕಡೆ ಬಾಗಿದೆ, ಕಣ್ಣು ನೀರಿನ ಮೇಲೆ. ಇದನ್ನು ಬರೆದವರು ಮೀನು ಹಿಡಿಯುವ ಮಕ್ಕಳನ್ನು ಬೇಕಾದಷ್ಟು ಸಲ ನೋಡಿದವರು. ಬರೀ ಇನ್ನೊಬ್ಬರ ಚಿತ್ರ ನೋಡಿ ನಕಲು ಮಾಡಿದ ಕೈಗೆ ಆ ಬಾಗು ಬರುವುದಿಲ್ಲ. ಹೀಗೇ ಚೆಂಡು ಒದೆಯುವ ಹುಡುಗ, ಬಾತುಕೋಳಿ ಅಟ್ಟುವ ಹುಡುಗ, ಬಿದಿರಿನ ಕುದುರೆ ಏರಿದ ಹುಡುಗ, ಎಲ್ಲರೂ ಈ ದಿಂಬುಗಳ ಮೇಲಿದ್ದಾರೆ. ಅರಮನೆಯ ಚಿತ್ರಕಾರರು ಮಕ್ಕಳನ್ನು ಬರೆದರೆ ರೇಷ್ಮೆ ಉಡಿಸಿ ತೋಟದಲ್ಲಿ ಕೂರಿಸುತ್ತಿದ್ದರು. ಇವರು ಬೀದಿ ಮಕ್ಕಳನ್ನು ಬರೆದರು.

ಇವರು ದೊಡ್ಡ ಪಂಡಿತರಲ್ಲ ಅನ್ನುವುದೂ ದಿಂಬಿನ ಮೇಲೇ ಗೊತ್ತಾಗುತ್ತದೆ. ಬಹಳ ದಿಂಬುಗಳ ಮೇಲೆ ಚಿತ್ರದ ಬದಲು ಬರಹ ಇರುತ್ತದೆ, ಪದ್ಯವೋ ನಾಣ್ಣುಡಿಯೋ. ಅದರಲ್ಲಿ ಅಕ್ಷರತಪ್ಪುಗಳು ಸಿಗುತ್ತವೆ, ಜನ ಸುಲಭಕ್ಕೆ ಅಂತ ಮೊಟಕು ಮಾಡಿದ ಬೀದಿ ಬಳಕೆಯ ಅಕ್ಷರಗಳು ಸಿಗುತ್ತವೆ. ಕೇಳಿದ ಹಾಡನ್ನು ನೆನಪಿನಿಂದ ಬರೆದ ಹಾಗೆ. ಆದರೆ ಕೈಬರಹ ಮಾತ್ರ ಓಡುತ್ತದೆ, ಎಲ್ಲೂ ನಡುಗಿಲ್ಲ. ಒಂದು ಪ್ರಸಿದ್ಧ ದಿಂಬಿನ ಮೇಲೆ ಎಂಟೇ ಚೀನೀ ಅಕ್ಷರ: ನಾಲ್ಕು ಜನರ ನಡುವೆ ಮಾತು ಕಮ್ಮಿ ಮಾಡು, ಕೆಲಸ ಇಲ್ಲದಿದ್ದರೆ ಬೇಗ ಮನೆಗೆ ಬಾ. ಗಂಡನಿಗೆ ಹೆಂಡತಿ, ಮಗನಿಗೆ ತಾಯಿ ದಿನಾ ಹೇಳುವ ಮಾತು, ಅಲ್ವಾ? ಇನ್ನೊಂದರ ಮೇಲೆ ಒಂದೇ ಅಕ್ಷರ, ತಾಳಿಕೋ ಅಂತ. ಸಂತೆಯಲ್ಲಿ ನಿಂತು ದಿಂಬು ಆರಿಸುತ್ತಿದ್ದ ಜನ ಯಾರು, ಅವರಿಗೆ ಯಾವ ಮಾತು ತಾಕುತ್ತಿತ್ತು ಅನ್ನುವುದು ಇವರಿಗೆ ಚೆನ್ನಾಗಿ ಗೊತ್ತಿತ್ತು.

ನಿಮ್ಮ ಕರಡಿಯ ಬಗ್ಗೆ ಎರಡು ಮಾತಿದೆ. ಹಳೆಯ ಚೀನೀ ನಂಬಿಕೆಯಲ್ಲಿ ಕನಸಿನಲ್ಲಿ ಕರಡಿ ಬಂದರೆ ಗಂಡುಮಗು ಹುಟ್ಟುತ್ತದೆ. ತಾಂಗ್ ಕಾಲದ ರಾಣಿಯೊಬ್ಬಳ ತಂಗಿ ಕೆಟ್ಟದ್ದು ಹತ್ತಿರ ಬಾರದಿರಲಿ ಅಂತ ಚಿರತೆ ತಲೆಯ ದಿಂಬನ್ನೂ, ಗಂಡು ಸಂತಾನಕ್ಕೆ ಅಂತ ಮಲಗಿದ ಕರಡಿಯ ದಿಂಬನ್ನೂ ಮಾಡಿಸಿದ್ದಳು ಅಂತ ಆ ವಂಶದ ಅಧಿಕೃತ ಇತಿಹಾಸದಲ್ಲೇ ದಾಖಲೆ ಇದೆ. ಹಾಗಾಗಿ ಮದುವೆಯ ಹೊಸದರಲ್ಲಿ ಕೊಳ್ಳುವ ಶುಭದ ದಿಂಬು ಇದು ಅಂತ ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಇದು ಸುಮ್ನೆ ಜಾತ್ರೆಯ ಕರಡಿ ಕುಣಿತ ಅನ್ನುತ್ತಾರೆ. ನಾನು ಎರಡನೇ ಕಡೆ ವಾಲುತ್ತೇನೆ. ಕಾರಣ ಆ ಕಂಬ ಮತ್ತು ಕಟ್ಟು. ಶುಭಶಕುನದ ಪ್ರಾಣಿಯನ್ನು ಕಂಬಕ್ಕೆ ಕಟ್ಟಿ ಬರೆಯುವುದಿಲ್ಲ. ಊರಿಗೆ ಆಟದವರು ಬಂದಾಗ ಕಟ್ಟಿಹಾಕಿದ ಕರಡಿಯ ಸಂಕಟವನ್ನು ಹತ್ತಿರದಿಂದ ನೋಡಿದವರು ಅದನ್ನು ಬರೆದಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಕೊಂಡವರು ಅದರಲ್ಲಿ ಗಂಡುಮಗುವಿನ ಶಕುನ ಕಂಡಿದ್ದರೆ ಅದೂ ಆಗಬಹುದಾದದ್ದೇ.

ಮುದ್ರೆಯ ವಿಷಯಕ್ಕೆ ಬರುತ್ತೇನೆ. ಜಾಂಗ್ ಮನೆಯ ಮುದ್ರೆ ಸಾಮಾನ್ಯವಾಗಿ ನೆಟ್ಟಗೆ ನಿಂತ ಒಂದು ಚೌಕಟ್ಟು, ಮೇಲೆ ತಾವರೆ ಎಲೆ, ಕೆಳಗೆ ತಾವರೆ ಹೂ, ನಡುವೆ ಮೂರು ಅಕ್ಷರ. ಮಣ್ಣು ಹಸಿ ಇರುವಾಗ ತಳಕ್ಕೆ ಒತ್ತಿದ್ದು. ಈ ಮುದ್ರೆ ಉತ್ತರ ಸಾಂಗ್ ಕಾಲದಿಂದ (960–1127) ಯುವಾನ್ ಕಾಲದವರೆಗೆ (1271–1368) ಸಿಗುತ್ತದೆ, ಅಂದರೆ ಎರಡು ಶತಮಾನಕ್ಕೂ ಮಿಕ್ಕಿ. ಒಬ್ಬ ಮನುಷ್ಯನ ಸಹಿ ಆಗಲು ಸಾಧ್ಯವೇ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಬಂದ ಕಸುಬಿನ ಮನೆ, ಆ ಹೆಸರಿಗೆ ಸಂತೆಯಲ್ಲಿ ಬೆಲೆ ಇತ್ತು. ಬೆಲೆ ಇದ್ದ ಹೆಸರನ್ನು ಪಕ್ಕದವರೂ ಒತ್ತಿಕೊಂಡಿರಬಹುದು, ಅದೂ ಸಹಜವೇ. ವಾಂಗ್ ಮನೆ, ಲೀ ಮನೆ, ಝಾವೋ ಮನೆ ಅಂತ ಬೇರೆ ಮುದ್ರೆ, ಬರಹಗಳೂ ಇವೆ. ಅದೇ ಬ್ರಿಟಿಷ್ ಮ್ಯೂಸಿಯಂನಲ್ಲಿ ಇನ್ನೊಂದು ದಿಂಬಿದೆ. ಅದರ ಮೇಲೆ "ಮನೆ, ನಾಡು ಸದಾ ಸುಖವಾಗಿರಲಿ" ಅಂತ ದೊಡ್ಡದಾಗಿ ಕೊರೆದಿದ್ದಾರೆ. ಪಕ್ಕದಲ್ಲಿ ಝಾವೋ ಮನೆಯ ದಿಂಬು ಅನ್ನುವ ಗುರುತು ಮತ್ತು ತಾರೀಕು, ನಮ್ಮ ಲೆಕ್ಕಕ್ಕೆ 1071. ಮುಂದಿನ ಸಲ ಹೋದಾಗ ಅದನ್ನೂ ನೋಡಿ.

ಆದರೆ ಚಿತ್ರ ಬರೆದವರ ಸ್ವಂತ ಹೆಸರು? ಬಹುತೇಕ ಇಲ್ಲವೇ ಇಲ್ಲ. ಯುವಾನ್ ಕಾಲದ ಕೆಲವು ದಿಂಬುಗಳ ಮೇಲೆ ಮಾತ್ರ "ಜಾಂಗ್ ನದಿ ದಂಡೆಯ ಏಕಾಂತವಾಸಿ" ಅಂತ ಒಂದು ಕಾವ್ಯನಾಮ ಸಿಗುತ್ತದೆ. ಅದೂ ಹೆಸರಲ್ಲ, ಮುಖವಾಡ. ಉಳಿದವರೆಲ್ಲ ಮನೆಯ ಮುದ್ರೆಯ ಹಿಂದೆ ಸರಿದುಹೋದರು. ಮಣ್ಣು ತಟ್ಟಿದವರು, ಡಬ್ಬಿ ಕಟ್ಟಿದವರು, ಕಲ್ಲು ಅರೆದವರು, ಆವಿಗೆಯ ಮುಂದೆ ರಾತ್ರಿ ನಿದ್ದೆಗೆಟ್ಟವರು, ಯಾರೂ ಇಲ್ಲ. ಹಾಗಾಗಿ "ಜಾಂಗ್ ಬರೆದ ಕರಡಿ" ಅಂತ ಹೇಳಬೇಡಿ ಅಂತ ನನ್ನ ಕೋರಿಕೆ. "ಜಾಂಗ್ ಮನೆಯ ಒಬ್ಬ ಕೆಲಸಗಾರ ಬರೆದದ್ದು" ಅಂದರೆ ಸಾಕು.

1127ರಲ್ಲಿ ಉತ್ತರ ಚೀನಾ ಜುರ್ಚೆನ್ ಜನರ ಜಿನ್ ರಾಜ್ಯದ ಕೈಗೆ ಹೋಯಿತು. ಸಾಂಗ್ ಆಸ್ಥಾನ ದಕ್ಷಿಣಕ್ಕೆ ಓಡಿತು. ಸಿಝೌ ಆವಿಗೆಗಳು ಎಲ್ಲಿಗೂ ಓಡಲಿಲ್ಲ. ಅರಮನೆಯ ಗಿರಾಕಿ ನಂಬಿಕೊಂಡವರಾಗಿದ್ದರೆ ತಾನೆ? ಜಿನ್ ಕಾಲದಲ್ಲೇ ಇವು ಇನ್ನೂ ಹುಲುಸಾಗಿ ನಡೆದವು. ಈ ಕಾಲದ ಹುಲಿ ದಿಂಬುಗಳು ಬಹಳ ಚೆನ್ನಾಗಿವೆ. ಇಡೀ ದಿಂಬೇ ಮಲಗಿದ ಹುಲಿ, ಹಳದಿ ಕಂದು ಮೈಗೆ ಕಪ್ಪು ಪಟ್ಟೆ, ಬೆನ್ನು ಚಪ್ಪಟೆ ಮಾಡಿ ಅಲ್ಲಿ ಬಿಳಿ ಜಾಗ ಬಿಟ್ಟು ಹಕ್ಕಿಯನ್ನೋ ಹೂವನ್ನೋ ಬರೆದಿರುತ್ತಾರೆ. ಶಾಂಘೈ ಮ್ಯೂಸಿಯಂನ ಹುಲಿ ದಿಂಬಿಗೆ 1162ರ ತಾರೀಕಿದೆ. ಮನೆಗೆ ಕೇಡು ಬಾರದಂತೆ ಹುಲಿ ಕಾಯುತ್ತದೆ ಅನ್ನುವ ನಂಬಿಕೆ.

ಯುವಾನ್ ಕಾಲಕ್ಕೆ (1271–1368) ದಿಂಬು ಉದ್ದನೆ ಪೆಟ್ಟಿಗೆಯಾಯಿತು, ಕೆಲವು 40 ಸೆಂಟಿಮೀಟರಿಗೂ ಹೆಚ್ಚು. ಆರು ಮುಖ, ಹಾಗಾಗಿ ಬರೆಯಲು ಜಾಗ ಜಾಸ್ತಿ. ಅದು ನಾಟಕಗಳು ಊರೂರಲ್ಲಿ ಜೋರಾಗಿ ನಡೆಯುತ್ತಿದ್ದ ಕಾಲ. ಮೇಲ್ಮುಖದಲ್ಲಿ ಕಥೆಗಳು ಬಂದವು, ಯುದ್ಧ, ಸನ್ಯಾಸಿ, ರಾಜ, ಮಂತ್ರಿ. ಇವುಗಳಲ್ಲಿ ಒಂದು ನಮಗೆ ಹತ್ತಿರದ್ದು. ಗ್ವಾಂಗ್‌ಡಾಂಗ್ ಮ್ಯೂಸಿಯಂನ ಸಿಝೌ ದಿಂಬಿನ ಮೇಲೆ ಗ್ರಂಥ ತರಲು ಭಾರತಕ್ಕೆ ಹೊರಟ ಸನ್ಯಾಸಿ ಇದ್ದಾನೆ. ಕುದುರೆ ಮೇಲೆ ಸನ್ಯಾಸಿ, ಮುಂದೆ ಕೋಲು ಹಿಡಿದ ಕೋತಿ, ಹಂದಿ ಮುಖದ ಶಿಷ್ಯ, ಛತ್ರಿ ಹಿಡಿದ ಇನ್ನೊಬ್ಬ. ಆ ಸನ್ಯಾಸಿಯೇ ಹ್ಯುಯೆನ್ ತ್ಸಾಂಗ್. ಏಳನೇ ಶತಮಾನದಲ್ಲಿ ಇಲ್ಲಿಗೆ ಬಂದು, ನಮ್ಮ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ ಹರ್ಷನಿಗೂ ಮಣಿಯಲಿಲ್ಲ ಅಂತ ಬರೆದಿಟ್ಟವನು. ನಮಗೆ ಪಾಠಪುಸ್ತಕದಲ್ಲಿ ಸಿಗುವ ಯಾತ್ರಿಕ ಅಲ್ಲಿ ಜನಪದ ಕಥೆಯ ನಾಯಕನಾಗಿ ದಿಂಬಿನ ಮೇಲೆ ಬಂದ. ಈ ಕಥೆಯ ಪ್ರಸಿದ್ಧ ಕಾದಂಬರಿ ಅಚ್ಚಾದದ್ದು ಹದಿನಾರನೇ ಶತಮಾನದ ಕೊನೆಗೆ. ದಿಂಬು ಅದಕ್ಕಿಂತ ಎರಡು ಶತಮಾನ ಹಿಂದಿನದು. ಅಂದರೆ ಕೋತಿ, ಹಂದಿ ಎಲ್ಲರೂ ಆಗಲೇ ಜನರ ಬಾಯಲ್ಲಿ ಇದ್ದರು ಅನ್ನುವುದಕ್ಕೆ ಸಾಹಿತ್ಯದವರಿಗೆ ಒಂದು ದಿಂಬು ಸಾಕ್ಷಿ.

ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ತಾಂಗ್ ಕಾಲದ್ದು, ನಡೆಯುವುದು ಇದೇ ಹಾಂಡಾನ್ ದಾರಿಯ ಒಂದು ಛತ್ರದಲ್ಲಿ. ಬಡ ಯುವಕನೊಬ್ಬ ತನ್ನ ಹಣೆಬರಹ ಸರಿಯಿಲ್ಲ ಅಂತ ಗೋಳಾಡುತ್ತಿರುತ್ತಾನೆ. ಅಲ್ಲಿದ್ದ ಮುದುಕ ಸನ್ಯಾಸಿ ಒಂದು ಹಸಿರು ಪಿಂಗಾಣಿ ದಿಂಬು ಕೊಡುತ್ತಾನೆ, ಎರಡೂ ತುದಿಗೆ ತೂತು. ಛತ್ರದವನು ನವಣೆ ಬೇಯಲು ಇಟ್ಟಿದ್ದಾನೆ. ಯುವಕ ಮಲಗುತ್ತಾನೆ, ದಿಂಬಿನ ತೂತು ದೊಡ್ಡದಾಗುತ್ತಾ ಹೋಗುತ್ತದೆ, ಒಳಗೆ ನಡೆದುಹೋಗುತ್ತಾನೆ. ಮದುವೆ, ಮಂತ್ರಿಗಿರಿ, ಸೆರೆವಾಸ, ಮಕ್ಕಳು ಮೊಮ್ಮಕ್ಕಳು, ಮುಪ್ಪು, ಸಾವು ಎಲ್ಲ ಆಗುತ್ತದೆ. ಎದ್ದು ನೋಡಿದರೆ ನವಣೆ ಇನ್ನೂ ಬೆಂದಿಲ್ಲ. ಆವಿ ಹೋಗಲು ಬಿಟ್ಟ ತೂತನ್ನೇ ಕಥೆಗಾರ ಕನಸಿನ ಬಾಗಿಲು ಮಾಡಿದನೇನೋ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಹಾಂಡಾನ್ ಹತ್ತಿರ ಈ ಕಥೆಗೆ ಒಂದು ಗುಡಿಯೂ ಇದೆ.

ಮಿಂಗ್ ಕಾಲದಿಂದ ಈ ದಿಂಬುಗಳು ಕಮ್ಮಿಯಾದವು. ಬೇರೆ ಬಗೆಯ ದಿಂಬುಗಳು ಬಂದವು, ಪಿಂಗಾಣಿಯ ರುಚಿಯೂ ನೀಲಿ ಬಿಳಿಗೆ ತಿರುಗಿತು. ಆದರೆ ಬಿಳಿ ಮೈ ಮೇಲೆ ಕುಂಚದಲ್ಲಿ ಬರೆದು ಗ್ಲೇಜಿನಡಿ ಹಿಡಿದಿಡುವ ಆ ಜಾಣತನ ಸಿಝೌನವರದು, ದಕ್ಷಿಣದ ಆವಿಗೆಗಳಿಗೆ ಅದು ಹೋಯಿತು, ನೀಲಿ ಬಿಳಿ ಪಿಂಗಾಣಿಯ ಹಿಂದೆ ಅದರ ನೆರಳಿದೆ ಅಂತ ಬಹಳ ತಜ್ಞರು ಒಪ್ಪುತ್ತಾರೆ. ಹಂಪಿಯ ಅಗೆತದಲ್ಲಿ ಚೀನಾದ ನೀಲಿ ಬಿಳಿ ಪಿಂಗಾಣಿ ಚೂರುಗಳು ಸಿಕ್ಕಿವೆ, ನಿಮಗೆ ಗೊತ್ತಿರಬಹುದು. ಸಿಝೌ ದಿಂಬುಗಳು ಹೀಗೆ ಸಮುದ್ರ ದಾಟಿ ವ್ಯಾಪಾರಕ್ಕೆ ಹೋಗುವ ಸಾಮಾನಲ್ಲ. ಆಸುಪಾಸಿನ ಊರಿನವರಿಗೆ ಮಾಡಿದ್ದು, ಹೆಚ್ಚು ಅಲ್ಲೇ ಉಳಿದದ್ದು.

ಕೊನೆಗೆ ಕೊಳ್ಳುವ ವಿಚಾರ. ನನ್ನ ಸಲಹೆ, ಬೇಡ. ಚೀನಾದ ನಿಯಮದ ಪ್ರಕಾರ 1911ಕ್ಕಿಂತ ಹಿಂದಿನ ಇಂಥ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ಆನ್‌ಲೈನಿನಲ್ಲಿ ಕಾಣುವ "ಸಾಂಗ್ ಕಾಲದ ದಿಂಬು" ಒಂದೋ ನಕಲಿ, ಇಲ್ಲವೇ ಯಾರದೋ ಸಮಾಧಿ ಅಗೆದು ಕದ್ದು ಸಾಗಿಸಿದ್ದು, ಅದೂ ಅಲ್ಲದಿದ್ದರೆ ದಶಕಗಳ ಹಿಂದೆಯೇ ಹೊರಗೆ ಬಂದದ್ದು. ಮೂರನೆಯದಾದರೆ ಯಾರಿಂದ ಯಾರಿಗೆ, ಯಾವಾಗ ಬಂತು ಅನ್ನುವ ಕಾಗದಪತ್ರ ಇರಬೇಕು. ಅದನ್ನು ಕೇಳಿ, ಮಾರುವವರು ಮಾತು ತಿರುಗಿಸಿದರೆ ಅಲ್ಲಿಗೆ ಬಿಟ್ಟುಬಿಡಿ. ತಾವರೆ ಮುದ್ರೆ ಇದೆ ಅನ್ನುವುದು ಪುರಾವೆಯಲ್ಲ, ಮುದ್ರೆಯ ನಕಲು ಎಲ್ಲಕ್ಕಿಂತ ಸುಲಭ. ಫೋಟೋದಲ್ಲಿ ನೀವು ನೋಡಬೇಕಾದದ್ದು ಗೆರೆ. ನಕಲು ಮಾಡುವವರು ನೋಡಿ ಬರೆಯುತ್ತಾರೆ, ಹಾಗಾಗಿ ಗೆರೆ ನಡುನಡುವೆ ನಿಲ್ಲುತ್ತದೆ, ನಿಂತ ಕಡೆ ಬಣ್ಣ ಉಂಡೆಯಾಗಿರುತ್ತದೆ. ಫೋಟೋ ನೋಡಿ ತೀರ್ಪು ಕೊಡಲು ಇದೊಂದೇ ಸಾಲದು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವ ತಜ್ಞರು ಬೇಕು, ಮಣ್ಣನ್ನು ಸುಟ್ಟು ಎಷ್ಟು ಕಾಲವಾಯಿತು ಅಂತ ಅಂದಾಜು ಕೊಡುವ ಥರ್ಮೋಲ್ಯೂಮಿನಿಸೆನ್ಸ್ ಪರೀಕ್ಷೆ ಅಂತಲೂ ಒಂದಿದೆ, ಅದಕ್ಕೆ ಮಣ್ಣಿನ ಚೂರು ಕೊರೆದು ತೆಗೆಯಬೇಕಾಗುತ್ತದೆ.

ಆಸೆ ಇದ್ದರೆ ಬೇರೆ ದಾರಿ ಇದೆ. ಸಿಝೌ ಕಸುಬು ಸತ್ತಿಲ್ಲ. 2006ರಲ್ಲಿ ಚೀನಾ ಅದನ್ನು ತನ್ನ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಗೇ ಸೇರಿಸಿತು. ಪೆಂಗ್‌ಚೆಂಗ್ ಕಡೆ ಇವತ್ತಿಗೂ ಅದೇ ಬಿಳಿ ಲೇಪ, ಅದೇ ಕಪ್ಪು ಬಣ್ಣದಲ್ಲಿ ದಿಂಬು ಮಾಡುವವರಿದ್ದಾರೆ, ಹೊಸದು ಅಂತ ಹೇಳಿಯೇ ಮಾರುತ್ತಾರೆ. ಅಂಥದ್ದು ಒಂದು ತನ್ನಿ, ಬರೆದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಹಳೆಯವನ್ನು ಒಟ್ಟಿಗೆ ನೋಡಬೇಕೆಂದರೆ ಗ್ವಾಂಗ್‌ಝೌ ನಗರದ ನಾನ್‌ಯುವೆ ರಾಜನ ಮ್ಯೂಸಿಯಂಗೆ ಹೋಗಿ. ಹಾಂಗ್‌ಕಾಂಗ್‌ನ ಸಂಗ್ರಾಹಕ ಯಾಂಗ್ ಯೊಂಗ್‌ಡೆ ದಂಪತಿ ಕೊಟ್ಟ 200ಕ್ಕೂ ಹೆಚ್ಚು ಪಿಂಗಾಣಿ ದಿಂಬುಗಳು ಅಲ್ಲಿವೆ, ತಾಂಗ್ ಕಾಲದ ಪುಟ್ಟವುಗಳಿಂದ ಹಿಡಿದು ಯುವಾನ್ ಕಾಲದ ಪೆಟ್ಟಿಗೆಗಳವರೆಗೆ. ಹೊರಡುವ ಮುಂಚೆ ಆ ಸಂಗ್ರಹ ಪ್ರದರ್ಶನದಲ್ಲಿದೆಯಾ ಅಂತ ವಿಚಾರಿಸಿಕೊಳ್ಳಿ.